ತಳ ಓದಿದರು, ಬಾಯಿ ನೋಡಲಿಲ್ಲ

ಅಂಗಡಿಯಲ್ಲಿ ಕೊಂಡ ನೀರಿನ ಬಾಟಲಿಗೆ ಮತ್ತೆ ನೀರು ತುಂಬಿಸಿ ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂಬ ಎಚ್ಚರಿಕೆ ಇಮೇಲ್ ಕಾಲದಿಂದ ವಾಟ್ಸ್ಆ್ಯಪ್‌ವರೆಗೆ ಓಡಾಡಿದೆ. ಅದಕ್ಕೆ ಸಿಕ್ಕ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು.

ಆ ಎಚ್ಚರಿಕೆಯ ದೊಡ್ಡ ಸಾಕ್ಷಿ ಬಾಟಲಿಯ ತಳದ ತ್ರಿಕೋನದೊಳಗಿನ 1. ಒಂದೇ ಸಲ ಬಳಸಿ ಎಂಬ ಸೂಚನೆ ಅದು ಎಂದು ಓದುತ್ತಾರೆ. ಅದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಗುಜರಿ ವಿಂಗಡಿಸಲೆಂದು ತಂದ ಅಂಕಿ. ಪ್ಲಾಸ್ಟಿಕ್ಕಿನ ಜಾತಿ ಪೆಟ್ ಎಂದಷ್ಟೇ ಹೇಳುತ್ತದೆ. ಪ್ಲಾಸ್ಟಿಕ್ ಎಂದರೆ ಜನ ಹೆದರುವ ಬಿಪಿಎ ಎಂಬ ರಾಸಾಯನಿಕ ಪೆಟ್ ತಯಾರಿಗೆ ಬೇಕಿಲ್ಲ. ಆಂಟಿಮನಿ ಎಂಬ ಧಾತು ಅದರಲ್ಲಿ ಇರುತ್ತದೆ, ನೀರಿಗೂ ಇಳಿಯುತ್ತದೆ. ಆದರೆ ಅರಿಜೋನಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದು ಕುಡಿಯುವ ನೀರಿಗೆ ಅಮೆರಿಕ ಹಾಕಿದ ಮಿತಿ ದಾಟಲು 65 ಡಿಗ್ರಿ ಶಾಖದಲ್ಲಿ 38 ದಿನ ಬೇಕು. ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತ ಹೊಸ ಬಾಟಲಿಯ ನೀರಿಗಿಂತ ಬೆಳಿಗ್ಗೆ ತುಂಬಿಸಿ ಸಂಜೆಗೆ ಮುಗಿಸುವ ನೀರು ಈ ವಿಷಯದಲ್ಲಿ ಮೇಲು. ಪ್ಲಾಸ್ಟಿಕ್ ಕಣಗಳ ಭಯಕ್ಕೂ ಹೊಸ ಬಾಟಲಿ ಮದ್ದಲ್ಲ: 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಲೀಟರಿಗೆ ಸರಾಸರಿ 2.4 ಲಕ್ಷ ಕಣ ಎಣಿಸಿದ್ದು ಕೊಂಡ ನೀರಿನಲ್ಲೇ.

ಇಷ್ಟರವರೆಗೆ ವದಂತಿ ಬಯಲು ಮಾಡುವವರ ಜೊತೆ ನನಗೆ ತಕರಾರಿಲ್ಲ. ಕ್ಯಾನ್ಸರ್ ಸುಳ್ಳು, ಆದ್ದರಿಂದ ನಿಶ್ಚಿಂತೆಯಿಂದ ತುಂಬಿಸಿಕೊಳ್ಳಿ ಎಂದು ಅವರು ಷರಾ ಬರೆಯುವಾಗ ಜಗಳ ಶುರುವಾಗುತ್ತದೆ. ರಸಾಯನವಿಜ್ಞಾನದಲ್ಲಿ ಗೆದ್ದದ್ದಕ್ಕೆ ಸೂಕ್ಷ್ಮಜೀವಿಗಳ ವಿಷಯದಲ್ಲೂ ತೀರ್ಪು ಕೊಡುವ ಅಧಿಕಾರ ಎಲ್ಲಿಂದ ಬಂತು? ಕೆನಡಾದ ಕ್ಯಾಲ್ಗರಿಯ ಶಾಲಾಮಕ್ಕಳ ಬಾಟಲಿಗಳ ನೀರು ಪರೀಕ್ಷಿಸಿದ 2002ರ ಅಧ್ಯಯನವನ್ನು ಇವರು ಓದಬೇಕಿತ್ತು. ಸುಮಾರು ಮೂರನೇ ಎರಡು ಪಾಲು ಮಾದರಿಗಳಲ್ಲಿ ಬ್ಯಾಕ್ಟೀರಿಯಾ ಮಿತಿ ಮೀರಿತ್ತು. ಕೆಲವುಗಳಲ್ಲಿ ಮಲದಿಂದ ಬರುವ ಜಾತಿಯವೂ ಇದ್ದವು. ಬಾಟಲಿಯಲ್ಲಿ ಕುಳಿತಿದ್ದ ಶತ್ರು ಎಂಜಲು, ತೊಳೆಯದ ಕೈ, ಒಣಗದ ತೇವ.

ಕಚ್ಚಿ ಕುಡಿಯಬೇಡ, ಎತ್ತಿ ಕುಡಿ ಎಂದು ಮನೆಯ ಹಿರಿಯರು ಗದರುತ್ತಿದ್ದುದನ್ನು ಬರೀ ಮಡಿಯೆಂದು ತಳ್ಳಿಹಾಕಿದ್ದು ನಮ್ಮ ತಪ್ಪು ಓದು. ಪೆಟ್ ಬಾಟಲಿಯ ಕಿರಿದಾದ ಬಾಯಿಗೆ ತುಟಿಯಿಟ್ಟೇ ಕುಡಿಯುವುದು ರೂಢಿ. ಎಂಜಲು ಮುಚ್ಚಳದ ತಿರುಪಿನ ಗೆರೆಗಳಲ್ಲಿ ಸೇರುತ್ತದೆ. ಒಳಗೆ ಬ್ರಷ್ ಹೋಗುವುದಿಲ್ಲ, ಕುದಿಯುವ ನೀರು ಹುಯ್ದರೆ ಬಾಟಲಿಯೇ ಮುದುಡುತ್ತದೆ. ಸರಿಯಾಗಿ ತೊಳೆಯಲಾಗದ ಪಾತ್ರೆಯಲ್ಲಿ ದಿನಗಟ್ಟಲೆ ನೀರು ಕುಡಿಯಬಾರದು; ಕೊಂಡ ಬಾಟಲಿಗೆ ಮತ್ತೆ ತುಂಬಿಸುವ ರೂಢಿಯ ಮೇಲೆ ನನ್ನ ಆಕ್ಷೇಪ ಅದೇ.

ಸ್ಟೀಲಿಗೆ ಬದಲಾದವರೂ ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ತಿಕ್ಕದಿದ್ದರೆ, ಮಕ್ಕಳ ಶಾಲೆಯ ಚೀಲದಲ್ಲಿ ಅದೇ ಲೋಳೆ, ಅದೇ ವಾಸನೆ.