ಸೇಲಂಗೆ ಬರುತ್ತಿದ್ದ ಪಂದ್ಯ

ಅಮೆರಿಕದ ಕಾಲೇಜು ಫುಟ್ಬಾಲ್‌ನಲ್ಲಿ ಮೂರನೇ ಡಿವಿಷನ್ನಿನ ಫೈನಲ್ ಪಂದ್ಯಕ್ಕೆ ಸ್ಟ್ಯಾಗ್ ಬೌಲ್ ಎಂದು ಹೆಸರು. 1993ರಿಂದ 2017ರವರೆಗೆ, ಒಂದು ವರ್ಷವೂ ತಪ್ಪದೆ, ಈ ಪಂದ್ಯ ನಡೆದದ್ದು ವರ್ಜೀನಿಯಾ ರಾಜ್ಯದ ಸೇಲಂನಲ್ಲಿ. ಸೇಲಂ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ತಮಿಳುನಾಡಿನ ಉಕ್ಕಿನ ಊರು. ಇದು ಬೇರೆ ಸೇಲಂ: ಬ್ಲೂ ರಿಜ್ ಬೆಟ್ಟಸಾಲಿನ ಮಗ್ಗುಲಲ್ಲಿ, ರೋನೋಕ್ ಕಣಿವೆಯಲ್ಲಿ ಇರುವ, ಸುಮಾರು 25 ಸಾವಿರ ಜನರ ಪಟ್ಟಣ. ಇಷ್ಟು ಚಿಕ್ಕ ಊರು ಇಷ್ಟು ಕಾಲ ಒಂದು ರಾಷ್ಟ್ರೀಯ ಫೈನಲನ್ನು ತನ್ನಲ್ಲಿ ಉಳಿಸಿಕೊಂಡಿತು, ಕೊನೆಗೆ ಕಳೆದುಕೊಂಡಿತು, ಮತ್ತೆ ಕೇಳಿ ಪಡೆಯಿತು.

ಇಲ್ಲಿ ಫುಟ್ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ತನ್ನ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿದೆ. ಟಿವಿಯಲ್ಲಿ ಕಾಣುವ ಲಕ್ಷ ಜನರ ಕ್ರೀಡಾಂಗಣಗಳು ಮೊದಲನೆಯ ಡಿವಿಷನ್ನಿನವು. ಮೂರನೆಯದರಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವ ಪದ್ಧತಿಯೇ ಇಲ್ಲ. ಇಲ್ಲಿ ಆಡುವವರು ಫೀಸು ಕಟ್ಟಿ ಓದುತ್ತ, ಸಂಜೆ ಮೈದಾನಕ್ಕೆ ಬರುವ ಹುಡುಗರು. ಅವರಲ್ಲಿ ಹೆಚ್ಚಿನವರ ಪಾಲಿಗೆ ಕಾಲೇಜಿನ ಕೊನೆಯ ಪಂದ್ಯವೇ ಬದುಕಿನ ಕೊನೆಯ ಪಂದ್ಯ. ಹಾಗಾಗಿ ಈ ಫೈನಲ್ ಎಲ್ಲಿ, ಯಾರ ಮುಂದೆ ನಡೆಯುತ್ತದೆ ಎಂಬುದು ಸಣ್ಣ ಮಾತಲ್ಲ.

ಪಂದ್ಯಕ್ಕೆ ಹೆಸರು ಬಂದದ್ದು ಶಿಕಾಗೊ ವಿಶ್ವವಿದ್ಯಾಲಯದ ತಂಡವನ್ನು 41 ವರ್ಷ ತರಬೇತುಗೊಳಿಸಿದ ಏಮಸ್ ಅಲಾಂಜೊ ಸ್ಟ್ಯಾಗ್ ಅವರಿಂದ. 1862ರಲ್ಲಿ ಹುಟ್ಟಿ 1965ರವರೆಗೆ ಬಾಳಿದ ತುಂಬು ಜೀವ ಅದು. 1973ರಲ್ಲಿ ಮೊದಲ ಫೈನಲ್ ನಡೆದದ್ದು ಅಲಬಾಮಾದ ಫೀನಿಕ್ಸ್ ಸಿಟಿಯಲ್ಲಿ. ನಡುವೆ ಎರಡು ವರ್ಷ ಒಹಾಯೊದ ಕಿಂಗ್ಸ್ ಐಲೆಂಡ್, ಮತ್ತೆ ಫೀನಿಕ್ಸ್ ಸಿಟಿ, ಆಮೇಲೆ ಮೂರು ವರ್ಷ ಫ್ಲಾರಿಡಾದ ಬ್ರೇಡೆಂಟನ್. ಹೀಗೆ ಊರಿಂದೂರಿಗೆ ಅಲೆದ ಪಂದ್ಯ 1993ರಲ್ಲಿ ಸೇಲಂ ತಲುಪಿತು.

ಸೇಲಂ ಕ್ರೀಡಾಂಗಣ 1985ರಲ್ಲಿ ತೆರೆದದ್ದು. ಅದರಲ್ಲಿ ಶುಕ್ರವಾರದ ಸಂಜೆಗಳಲ್ಲಿ ಊರಿನ ಹೈಸ್ಕೂಲ್ ತಂಡ ಆಡುತ್ತದೆ. ಏಳೆಂಟು ಸಾವಿರ ಜನ ಕೂರುವಷ್ಟು ಜಾಗ, ಪಕ್ಕದಲ್ಲೇ ಸಿವಿಕ್ ಸೆಂಟರ್ ಎಂಬ ಸಭಾಂಗಣ, ಅದರಾಚೆ ಬೇಸ್‌ಬಾಲ್ ಮೈದಾನ. ಎಲ್ಲವೂ ನಗರಸಭೆಯದೇ. ಈ ಅಳತೆಯೇ ಸೇಲಂಗೆ ಒದಗಿ ಬಂದ ಭಾಗ್ಯ. ಆರು ಸಾವಿರ ಜನ ಎಪ್ಪತ್ತು ಸಾವಿರದ ಕ್ರೀಡಾಂಗಣದಲ್ಲಿ ಕೂತರೆ ಮೈದಾನ ಬಿಕೋ ಎನ್ನುತ್ತದೆ. ಸೇಲಂನಲ್ಲಿ ಅಷ್ಟೇ ಜನ ಕೂತರೆ ಜಾತ್ರೆಯ ಕಳೆ. ಇನ್ನೊಂದು ಸಂಗತಿಯನ್ನು ಕಾಲೇಜು ಕ್ರೀಡೆ ಬಲ್ಲವರು ವಿಶೇಷವಾಗಿ ಗಮನಿಸಬೇಕು. ಊರಿನಲ್ಲಿರುವ ರೋನೋಕ್ ಕಾಲೇಜಿಗೆ ಆ 25 ವರ್ಷವೂ ಫುಟ್ಬಾಲ್ ತಂಡವೇ ಇರಲಿಲ್ಲ. ತಮ್ಮ ಹುಡುಗರು ಆಡಲು ಸಾಧ್ಯವೇ ಇಲ್ಲದ ಪಂದ್ಯವೊಂದನ್ನು ಒಂದು ಊರು ತನ್ನದೆಂದು ನಡೆಸಿಕೊಂಡು ಬಂತು.

ಈ ಫೈನಲ್‌ನ ನಿಜವಾದ ಕಷ್ಟ ಕ್ಯಾಲೆಂಡರಿನಲ್ಲಿತ್ತು. ಶನಿವಾರ ಸೆಮಿಫೈನಲ್ ಮುಗಿದು, ಮುಂದಿನ ಶುಕ್ರವಾರವೋ ಶನಿವಾರವೋ ಫೈನಲ್. ಯಾವ ಎರಡು ತಂಡ ಬರುತ್ತವೆ ಎಂದು ಗೊತ್ತಾಗುತ್ತಿದ್ದುದು ಆರೇಳು ದಿನ ಮುಂಚೆ. ತಂಡದ ಪ್ರಯಾಣದ ಖರ್ಚನ್ನು ಎನ್‌ಸಿಎಎ ನೋಡಿಕೊಳ್ಳುತ್ತದೆ, ಅಪ್ಪ ಅಮ್ಮ, ಗೆಳೆಯರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಮಿನಸೋಟಾದಿಂದಲೋ ವಾಷಿಂಗ್ಟನ್ ರಾಜ್ಯದಿಂದಲೋ ಡಿಸೆಂಬರಿನ ಹಬ್ಬದ ಹೊತ್ತಿನಲ್ಲಿ ಒಂದೇ ವಾರದಲ್ಲಿ ಟಿಕೆಟ್ ಹೊಂದಿಸಿಕೊಂಡು ಸಾವಿರಾರು ಜನ ಬರುವುದು ಆಗದ ಮಾತಾಗಿತ್ತು. ಹಾಗಾದರೆ ಆಸನಗಳಲ್ಲಿ ಕೂರುವವರು ಯಾರು? ಆ ಊರಿನವರೇ. ಮೂರನೇ ಡಿವಿಷನ್ನಿನ ಫೈನಲ್‌ಗೆ ಆತಿಥೇಯ ಊರು ಬರೀ ಜಾಗ ಕೊಟ್ಟರೆ ಸಾಲದು, ಪ್ರೇಕ್ಷಕರನ್ನೂ ಕೊಡಬೇಕು. ಸೇಲಂ ಅದನ್ನು ಬೇಗ ಅರಿತಿತು; ಅದು ಇಷ್ಟು ಕಾಲ ಪಂದ್ಯವನ್ನು ಕೈಬಿಡದೆ ಇದ್ದುದಕ್ಕೆ ಇದೇ ಮುಖ್ಯ ಕಾರಣ.

ಆತಿಥ್ಯ ಯಾರಿಗೂ ಹಕ್ಕಾಗಿ ಬರುವುದಿಲ್ಲ. ಎನ್‌ಸಿಎಎ ಬಿಡ್ ಕರೆಯುತ್ತದೆ. ಊರುಗಳು ಯಾವುದಾದರೂ ಕಾಲೇಜನ್ನೋ ಕಾಲೇಜುಗಳ ಕೂಟವನ್ನೋ ಜೊತೆಗಿಟ್ಟುಕೊಂಡು ಬಿಡ್ ಸಲ್ಲಿಸುತ್ತವೆ. ಸೇಲಂಗೆ ಜೊತೆಯಾದದ್ದು ಓಲ್ಡ್ ಡೊಮಿನಿಯನ್ ಅಥ್ಲೆಟಿಕ್ ಕಾನ್ಫರೆನ್ಸ್. ಆಟಗಾರರ ಕೊಠಡಿಗಳು ಎಷ್ಟು, ಅಭ್ಯಾಸಕ್ಕೆ ಬೇರೆ ಮೈದಾನ ಇದೆಯೇ, ಹೋಟೆಲ್ ಎಷ್ಟು ದೂರ, ವಿಮಾನ ನಿಲ್ದಾಣ ಎಲ್ಲಿ, ಟಿವಿ ಪ್ರಸಾರದ ವಾಹನಗಳು ನಿಲ್ಲುವುದೆಲ್ಲಿ, ಖರ್ಚಿನ ಅಂದಾಜು ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಎನ್‌ಸಿಎಎ ಪ್ರಾಯೋಜಕರದಲ್ಲದ ಜಾಹೀರಾತು ಫಲಕಗಳನ್ನು ಪಂದ್ಯದ ದಿನ ಮುಚ್ಚಬೇಕು. ಊರಿಗೆ ಸಿಗುವುದು ಹೋಟೆಲ್, ಊಟ, ತಿಂಡಿಯ ವ್ಯಾಪಾರ, ಅದರಿಂದ ಬರುವ ತೆರಿಗೆ, ಮತ್ತು ವರ್ಷಕ್ಕೊಮ್ಮೆ ದೇಶದ ಟಿವಿಯಲ್ಲಿ ಕಾಣುವ ಹೆಸರು. ಸೇಲಂನ ಸಿವಿಕ್ ಸೆಂಟರನ್ನು ದೀರ್ಘಕಾಲ ನಡೆಸಿದ ಕ್ಯಾರಿ ಹಾರ್ವಿಕಟರ್ ಈ ಕೆಲಸದಲ್ಲಿ ಪಳಗಿದ ಕೈ. 1996ರಿಂದ ಅದೇ ಡಿವಿಷನ್ನಿನ ಪುರುಷರ ಬ್ಯಾಸ್ಕೆಟ್‌ಬಾಲ್ ಫೈನಲ್‌ಗಳೂ ಬಹುಪಾಲು ವರ್ಷ ಸೇಲಂನಲ್ಲೇ ನಡೆದವು. ಊರು ತನ್ನನ್ನು ಚಾಂಪಿಯನ್‌ಶಿಪ್‌ಗಳ ನಗರ ಎಂದು ಕರೆದುಕೊಂಡದ್ದು ಸುಮ್ಮನೆ ಅಲ್ಲ.

ಆಡುವವರ ಬಾಯಲ್ಲಿ ಊರಿನ ಹೆಸರೇ ಗುರಿಯ ಹೆಸರಾಯಿತು. ಆಗಸ್ಟ್ ತಿಂಗಳ ಬಿಸಿಲಲ್ಲಿ ಅಭ್ಯಾಸ ಶುರುಮಾಡುವ ತಂಡಗಳು ‘ಫೈನಲ್‌ಗೆ ಹೋಗೋಣ’ ಎನ್ನುತ್ತಿರಲಿಲ್ಲ, ‘ಸೇಲಂಗೆ ಹೋಗೋಣ’ ಎನ್ನುತ್ತಿದ್ದವು. ಅತಿ ಹೆಚ್ಚು ಬಾರಿ ಹೋದದ್ದು ಒಹಾಯೊದ ಮೌಂಟ್ ಯೂನಿಯನ್. ಆ 25 ಫೈನಲ್‌ಗಳಲ್ಲಿ 20ರಲ್ಲಿ ಆಡಿ 13ರಲ್ಲಿ ಗೆದ್ದಿತು. ಅದರಲ್ಲಿ 11 ಲ್ಯಾರಿ ಕೆರಸ್ ಅವರ ತರಬೇತಿಯಲ್ಲಿ. 2003ರಲ್ಲಿ ಅದರ 55 ಪಂದ್ಯಗಳ ಸತತ ಗೆಲುವಿಗೆ ತೆರೆ ಎಳೆದದ್ದು ಜಾನ್ ಗಾಲ್ಯಾರ್ಡಿ ಅವರ ಸೇಂಟ್ ಜಾನ್ಸ್ ತಂಡ, 24-6ರಿಂದ. ಮುಂದೆ 2005ರಿಂದ 2011ರವರೆಗೆ ಸತತ ಏಳು ವರ್ಷ ಮೌಂಟ್ ಯೂನಿಯನ್ ಮತ್ತು ವಿಸ್ಕಾನ್ಸಿನ್‌ನ ವೈಟ್‌ವಾಟರ್ ತಂಡಗಳೇ ಎದುರುಬದುರಾದವು. 2013 ಮತ್ತು 2014ರಲ್ಲಿ ಮತ್ತೆ. ಒಂಬತ್ತರಲ್ಲಿ ಆರು ವೈಟ್‌ವಾಟರ್ ಪಾಲಾದವು. ಎರಡೂ ತಂಡಗಳ ಬಣ್ಣ ನೇರಳೆ. ಮೈದಾನದ ಈ ಬದಿಯೂ ನೇರಳೆ, ಆ ಬದಿಯೂ ನೇರಳೆ. ಬೇರೆ ಕಡೆಯ ಪ್ರೇಕ್ಷಕರಿಗೆ ಇದು ಬೇಸರ ತರಿಸಬಹುದಿತ್ತು. ಸೇಲಂ ಜನ ಮಾತ್ರ ವರ್ಷ ವರ್ಷವೂ ಬರುವ ನೆಂಟರನ್ನು ಕಂಡಂತೆ ಆ ತಂಡಗಳನ್ನು ಕಂಡರು.

ಇಂಥ ನಂಟು ಬೆಳೆಸಿದ ಇನ್ನೊಂದು ಊರು ಅಲಬಾಮಾದ ಫ್ಲಾರೆನ್ಸ್. ಎರಡನೇ ಡಿವಿಷನ್ನಿನ ಫೈನಲ್ 1986ರಿಂದ 2013ರವರೆಗೆ ಅಲ್ಲಿಯೇ ನಡೆಯಿತು. ಅಲ್ಲಿನ ನಾರ್ತ್ ಅಲಬಾಮಾ ತಂಡ 1993ರಿಂದ 1995ರವರೆಗೆ ಮೂರು ಬಾರಿ ಊರವರ ಮುಂದೆಯೇ ಗೆದ್ದಿತು. 2014ರಲ್ಲಿ ಪಂದ್ಯ ಕ್ಯಾನ್ಸಸ್ ಸಿಟಿಗೆ ಹೋಯಿತು, 2018ರಲ್ಲಿ ಟೆಕ್ಸಸ್‌ನ ಮಕಿನ್ನಿಗೆ.

ಈ ಪಲ್ಲಟಗಳ ಹಿಂದೆ ಬಿಡ್ ಕರೆಯುವ ಕ್ರಮದಲ್ಲಾದ ಬದಲಾವಣೆಯೂ ಇತ್ತು. 2013ರಲ್ಲಿ ಎನ್‌ಸಿಎಎ 80ಕ್ಕೂ ಹೆಚ್ಚು ಚಾಂಪಿಯನ್‌ಶಿಪ್‌ಗಳ ನಾಲ್ಕು ವರ್ಷಗಳ ಸ್ಥಳಗಳನ್ನು ಒಟ್ಟಿಗೇ ನಿರ್ಧರಿಸಿತು. ಬಿಡ್ ಸಲ್ಲಿಸುವ ಊರುಗಳ ಸಂಖ್ಯೆ ಏರಿತು, ಹೊಸ ಕ್ರೀಡಾಂಗಣ ಕಟ್ಟಿದವರೆಲ್ಲ ಸಾಲಿನಲ್ಲಿ ನಿಂತರು. ಆ ಸುತ್ತಿನಲ್ಲಿ ಸೇಲಂ ಗೆದ್ದಿತು. 2017ರ ಏಪ್ರಿಲ್‌ನ ಪಟ್ಟಿಯಲ್ಲಿ ಮುಂದಿನ ನಾಲ್ಕು ಫೈನಲ್‌ಗಳಲ್ಲಿ ಒಂದೂ ಅದಕ್ಕೆ ಸಿಗಲಿಲ್ಲ: ಮೊದಲೆರಡು ಟೆಕ್ಸಸ್‌ನ ಶೆನಾಂಡೋವಾ ಎಂಬ ಊರಿಗೆ, ಮತ್ತೆರಡು ಒಹಾಯೊದ ಕ್ಯಾಂಟನ್‌ಗೆ. ಆ ಡಿಸೆಂಬರಿನಲ್ಲಿ ಮೌಂಟ್ ಯೂನಿಯನ್ 12-0ರಿಂದ ಮೇರಿ ಹಾರ್ಡಿನ್ ಬೇಲರ್ ತಂಡವನ್ನು ಸೋಲಿಸಿದ ಮೇಲೆ ಸೇಲಂನ ಸರಣಿ ಮುಗಿಯಿತು.

ಜಾಗ ಬದಲಿಸುವುದರ ಪರವಾಗಿ ಹೇಳಬಹುದಾದ ಮಾತು ಇಲ್ಲದಿಲ್ಲ. ಟೆಕ್ಸಸ್ ಮತ್ತು ಪಶ್ಚಿಮದ ತಂಡಗಳಿಗೆ ವರ್ಜೀನಿಯಾ ದೂರ. ದೊಡ್ಡ ಊರಿಗೆ ವಿಮಾನ ಹೆಚ್ಚು, ಹೋಟೆಲ್ ಹೆಚ್ಚು. ಕ್ಯಾಂಟನ್‌ನಲ್ಲಿ ವೃತ್ತಿಪರ ಫುಟ್ಬಾಲ್‌ನ ಹಾಲ್ ಆಫ್ ಫೇಮ್ ಪಕ್ಕದ ಕ್ರೀಡಾಂಗಣದಲ್ಲಿ ಆಡಿದ ಹುಡುಗನಿಗೆ ಅದೂ ಒಂದು ನೆನಪೇ. ಆದರೆ ಅಂಥ ಊರುಗಳಲ್ಲಿ ಇದು ಹತ್ತರಲ್ಲಿ ಹನ್ನೊಂದನೇ ಕಾರ್ಯಕ್ರಮ. ಸೇಲಂನಲ್ಲಿ ಇದೇ ಡಿಸೆಂಬರಿನ ಹಬ್ಬವಾಗಿತ್ತು, ಹಬ್ಬ ಮಾಡಿಯೇ ರೂಢಿ ಇದ್ದವರು ಅದನ್ನು ನಡೆಸುತ್ತಿದ್ದರು. ಊರೂರು ತಿರುಗುವ ಫೈನಲ್‌ಗೆ ಪ್ರತಿ ಸಲ ಹೊಸದಾಗಿ ಕಲಿಯುವವರೇ ಗತಿ.

ಸೇಲಂ ಮತ್ತೆ ಬಿಡ್ ಸಲ್ಲಿಸಿತು. 2020ರ ಫೈನಲ್ ಕೋವಿಡ್‌ನಿಂದ ನಡೆಯಲೇ ಇಲ್ಲ. 2021ರದು ಕ್ಯಾಂಟನ್‌ನಲ್ಲಿ, 2022ರದು ಮೇರಿಲ್ಯಾಂಡ್‌ನ ಅನಾಪೊಲಿಸ್‌ನಲ್ಲಿ ನಡೆದವು. 2023ರ ಡಿಸೆಂಬರ್ 15ರಂದು ಪಂದ್ಯ ಆರು ವರ್ಷದ ಮೇಲೆ ಸೇಲಂಗೆ ಮರಳಿತು. ಇಲಿನಾಯ್ಸ್‌ನ ನಾರ್ತ್ ಸೆಂಟ್ರಲ್ ಹಿಂದಿನ ವರ್ಷದ ಚಾಂಪಿಯನ್. ಎದುರಿಗೆ ನ್ಯೂಯಾರ್ಕ್ ರಾಜ್ಯದ ಕೋರ್ಟ್‌ಲ್ಯಾಂಡ್. ಆಟ ಮುಗಿಯುತ್ತ ಬಂದಾಗ ನಾರ್ತ್ ಸೆಂಟ್ರಲ್ ಚೆಂಡನ್ನು ಗೆರೆ ದಾಟಿಸಿ ಟಚ್‌ಡೌನ್ ಗಳಿಸಿ ಅಂತರವನ್ನು 38-37ಕ್ಕೆ ಇಳಿಸಿತು. ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಸಮ. ತಂಡ ಒದೆಯಲಿಲ್ಲ, ಎರಡು ಅಂಕಕ್ಕಾಗಿ ಗೆರೆ ದಾಟಲು ಹೋಯಿತು. ಕೋರ್ಟ್‌ಲ್ಯಾಂಡ್ ತಡೆಯಿತು, ತನ್ನ ಮೊದಲ ಪ್ರಶಸ್ತಿ ಗೆದ್ದಿತು. ಸೇಲಂ ಕಂಡ 26ನೇ ಫೈನಲ್ ಅದು. ಮುಂದಿನದನ್ನು ಹೂಸ್ಟನ್‌ಗೆ ಕೊಡಲಾಯಿತು, ಅದರ ಮುಂದಿನದನ್ನು ಮತ್ತೆ ಕ್ಯಾಂಟನ್‌ಗೆ.