ಅವಸರವಿಲ್ಲದ ಕಿತ್ತಳೆ ಚಿಟ್ಟೆ

ಹೈದರಾಬಾದಿನ ಕೂಕಟ್‌ಪಲ್ಲಿಯ ಮೆಟ್ರೋ ಕಂಬಗಳು, ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಮನೆ ಏಳದ ಖಾಲಿ ಸೈಟುಗಳಿವೆ. ಮಳೆಗಾಲ ಮುಗಿಯುತ್ತಿದ್ದಂತೆ ಅಲ್ಲಿನ ಹುಲ್ಲಿನ ಮೇಲೆ, ಮೊಣಕಾಲೆತ್ತರದಲ್ಲಿ, ಟಾನಿ ಕೋಸ್ಟರ್ ಚಿಟ್ಟೆ ತೇಲುತ್ತದೆ. ಕಿತ್ತಳೆ ರೆಕ್ಕೆ, ಕಪ್ಪು ಚುಕ್ಕೆ, ಹಿಂದಿನ ರೆಕ್ಕೆಗೆ ಕಪ್ಪು ಅಂಚು. ಆ ಅಂಚಿನೊಳಗೆ ಬಿಳಿ ಬೊಟ್ಟುಗಳು.

1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಟರ್ಪ್ಸಿಕೋರೆ ಎಂದು ಹೆಸರಿಟ್ಟ. ಅದು ಗ್ರೀಕರ ನೃತ್ಯದೇವಿಯ ಹೆಸರು. ಆದರೆ ಇದರ ಕುಣಿತ ವಿಳಂಬ ಲಯದ್ದು. ಅವಸರಪಡುವ ಅಗತ್ಯವೇ ಇದಕ್ಕಿಲ್ಲ. ಹಿಡಿದರೆ ಮೈಯಿಂದ ಹಳದಿ ಕಹಿ ದ್ರವ ಒಸರುತ್ತದೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಮತ್ತೆ ಹತ್ತಿರ ಬರಲು ಹಿಂಜರಿಯುತ್ತದೆ.

ಉತ್ತರ ಅಮೆರಿಕದ ಫ್ರಿಟಿಲರಿ ಚಿಟ್ಟೆಗಳು ಇದರ ದೂರದ ದಾಯಾದಿಗಳು. ಅವುಗಳ ಒಂದು ಉಪಪ್ರಭೇದವಾದ ಒರೆಗಾನ್ ಸಿಲ್ವರ್‌ಸ್ಪಾಟ್‌ನ ಮರಿಹುಳು ತಿನ್ನುವುದು ಕಡಲಂಚಿನ ಹುಲ್ಲುಗಾವಲಿನ ನೇರಳೆ ವಯೊಲೆಟ್ ಗಿಡದ ಎಲೆ. ಆ ಹುಲ್ಲುಗಾವಲು ಕುಗ್ಗಿ, 1980ರಲ್ಲಿ ಅಮೆರಿಕ ಸರ್ಕಾರ ಆ ಚಿಟ್ಟೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ಟಾನಿ ಕೋಸ್ಟರ್‌ನ ಮರಿಹುಳು ತಿನ್ನುವ ಪುರುಷರತ್ನ ಗಿಡವೂ ಅದೇ ವಯೊಲೆಟ್ ಕುಟುಂಬದ್ದು! ಸಾಗರಗಳಾಚೆಗೂ ಉಳಿದ ಈ ಊಟದ ನಂಟು ನನ್ನನ್ನು ಬೆರಗುಗೊಳಿಸುತ್ತದೆ.

ನಮ್ಮದಕ್ಕೆ ಆ ಗತಿ ಬಂದಿಲ್ಲ. 2012ರಲ್ಲಿ ಅದು ಆಸ್ಟ್ರೇಲಿಯಾದಲ್ಲೂ ಕಾಣಿಸಿಕೊಂಡಿತು. ಆದರೂ ಸೈಟು ಸವರಿಸುವಾಗ ಪುರುಷರತ್ನದ ನಾಲ್ಕು ಗಿಡಗಳನ್ನು ಉಳಿಸಿ. ಚಿಟ್ಟೆಗೆ ಅಷ್ಟು ಸಾಕು.