ಪೈಪ್ ಬೇಡ, ಸ್ಕ್ಯಾನ್ ಸಾಕೆ?

ಗಂಟಲಿಗೆ ಪೈಪ್ ಇಳಿಸಿಕೊಳ್ಳಲು ಯಾರಿಗೆ ತಾನೆ ಇಷ್ಟ? ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾದವರ ಮನೆಯವರು ‘ಪೆಟ್ ಸ್ಕ್ಯಾನ್ ಮಾಡಿಸಿದರೆ ಎಂಡೋಸ್ಕೋಪಿ ತಪ್ಪುತ್ತದಲ್ಲ?’ ಎಂದು ಕೇಳುವುದು ನ್ಯಾಯವೇ. ಉತ್ತರ ಮಾತ್ರ ಸ್ಕ್ಯಾನಿನ ಪರವಾಗಿಲ್ಲ.

ಪೆಟ್ ಸ್ಕ್ಯಾನಿಗೆ ಕಾಣುವುದು ಸಕ್ಕರೆಯ ಹಸಿವು. ಉಪವಾಸವಿದ್ದವರ ರಕ್ತನಾಳಕ್ಕೆ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್ ಚುಚ್ಚಿ, ಸುಮಾರು ಒಂದು ಗಂಟೆ ಅಲ್ಲಾಡದೆ ಮಲಗಿಸುತ್ತಾರೆ. ಅದನ್ನು ಹೆಚ್ಚು ಹೀರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಹೀರುತ್ತದೆ, ಸರಿ. ರೇಡಿಯೇಶನ್‌ನಿಂದ ಉರಿಯೂತವಾದ ಅನ್ನನಾಳವೂ ಹೀರುತ್ತದೆ. ಒಳಪದರದಲ್ಲೇ ಇರುವ ತೆಳುವಾದ ಆರಂಭದ ಗಡ್ಡೆಯಂತೂ ಎಷ್ಟೋ ಸಲ ಹೊಳೆಯುವುದೇ ಇಲ್ಲ. ಅದೇ ಜಾಗಕ್ಕೆ ಎಂಡೋಸ್ಕೋಪಿಯಲ್ಲಿ ಲ್ಯೂಗಾಲ್ ಅಯೋಡಿನ್ ಸಿಂಪಡಿಸಿದರೆ ಆರೋಗ್ಯವಾದ ಪದರ ಕಂದಾಗುತ್ತದೆ, ಕೆಟ್ಟ ತೇಪೆ ಬಣ್ಣ ಹಿಡಿಯದೆ ಬೇರೆಯಾಗಿ ನಿಲ್ಲುತ್ತದೆ. ಅಲ್ಲಿಂದಲೇ ಚೂರು ಕಿತ್ತು ಬಯಾಪ್ಸಿಗೆ ಕಳಿಸಬಹುದು. ಯಾವ ಜಾತಿಯ ಕ್ಯಾನ್ಸರ್ ಎಂದು ಹೇಳುವುದು ಆ ಚೂರು.

ಕೀಮೋ, ರೇಡಿಯೇಶನ್ ಮುಗಿದ ಮೇಲೆ ಗಡ್ಡೆ ಉಳಿದಿದೆಯೇ ಎಂಬ ಪ್ರಶ್ನೆಗೆ ನೆದರ್ಲೆಂಡ್ಸ್‌ನ ಪ್ರೀ-ಸಾನೊ ಅಧ್ಯಯನ 2018ರಲ್ಲಿ ಉತ್ತರ ಕೊಟ್ಟಿತು. ಗಣನೀಯವಾಗಿ ಉಳಿದಿದ್ದ 41 ಗಡ್ಡೆಗಳಲ್ಲಿ 6 ಪೆಟ್-ಸಿಟಿಯ ಕಣ್ಣು ತಪ್ಪಿಸಿದವು. ಮಾಮೂಲಿ ಬಯಾಪ್ಸಿ ಮತ್ತು ಸೂಜಿ ಪರೀಕ್ಷೆ ಇನ್ನೂ ಕಳಪೆ: 26ರಲ್ಲಿ 8. ಇಷ್ಟನ್ನೇ ಓದಿದವರು ಸ್ಕ್ಯಾನೇ ಗೆದ್ದಿತು ಅಂದುಬಿಡಬಹುದು. ಆದರೆ ಒಂದೇ ಜಾಗದಲ್ಲಿ ಚೂರಿನ ಮೇಲೆ ಚೂರು ಕಿತ್ತು ಆಳಕ್ಕಿಳಿದಾಗ, ಸೂಜಿ ಪರೀಕ್ಷೆಯೂ ಸೇರಿ, 41ರಲ್ಲಿ ತಪ್ಪಿದ್ದು 4 ಮಾತ್ರ. ನನಗೆ ಇದರಲ್ಲಿ ಕಾಣುವ ದೋಷ ಎಂಡೋಸ್ಕೋಪಿಯದ್ದಲ್ಲ, ಅವಸರದ ಬಯಾಪ್ಸಿಯದ್ದು.

ಪೆಟ್‌ಗೆ ಅದರದ್ದೇ ಆದ ಕೆಲಸವಿದೆ. ಅದೇ ಅಧ್ಯಯನದಲ್ಲಿ 190 ಮಂದಿಯ ಪೈಕಿ 18 ಮಂದಿಗೆ, ಚಿಕಿತ್ಸೆಯ ನಡುವೆಯೇ ರೋಗ ದೂರದ ಅಂಗಗಳಿಗೆ ಹಬ್ಬಿದ್ದನ್ನು ಹಿಡಿದದ್ದು ಪೆಟ್-ಸಿಟಿ. ಅನ್ನನಾಳದೊಳಗಿನ ಕ್ಯಾಮೆರಾಗೆ ಅದು ಎಟುಕುವ ಮಾತಲ್ಲ; ಆ ಮಂದಿಗೆ ದೊಡ್ಡ ಆಪರೇಶನ್ ಮಾಡಿಯೂ ಹೆಚ್ಚು ಉಪಯೋಗವಿರಲಿಲ್ಲ. ಮುಂದೆ ಸಾನೊ ಪ್ರಯೋಗದಲ್ಲಿ, ಗಡ್ಡೆ ಪೂರ್ತಿ ಕರಗಿದಂತೆ ಕಂಡವರ ಆಪರೇಶನ್ ಮುಂದೂಡಿ ನಿಗಾ ಇಟ್ಟಾಗಲೂ ಎರಡೂ ಪರೀಕ್ಷೆಗಳನ್ನು ಕೈಬಿಡಲಿಲ್ಲ.

ಭಾರತದ ಮಟ್ಟಿಗೆ ಒಂದು ತಕರಾರು ಉಳಿಯುತ್ತದೆ. ಆ 18ರಲ್ಲಿ 17 ಅಡಿನೊಕಾರ್ಸಿನೋಮ ಎಂಬ ಜಾತಿಯ ಕ್ಯಾನ್ಸರ್, ಒಂದೇ ಒಂದು ಸ್ಕ್ವೇಮಸ್ ಎಂಬ ಜಾತಿಯದ್ದು. ನಮ್ಮಲ್ಲಿ ಹೆಚ್ಚಿನದು ಸ್ಕ್ವೇಮಸ್. ಡಚ್ಚರ ಅಂಕಿಯನ್ನು ತೋರಿಸಿ ಇಲ್ಲಿನ ರೋಗಿಗೆ ದುಬಾರಿ ಸ್ಕ್ಯಾನ್ ಬರೆಯುವ ವೈದ್ಯರು ಈ ಸಾಲನ್ನೂ ಓದಿ ಹೇಳಬೇಕು.